‘ಶೇ 100 ಲಸಿಕೆ’: ಯಾವ ನೂರಕ್ಕೆ ನೂರು?

ಜನಪ್ರತಿನಿಧಿಗಳ ಸಾಧನಾ ಪುಸ್ತಿಕೆಗಳಲ್ಲಿ ಕಾಂಕ್ರೀಟ್ ರಸ್ತೆ, ಸಮುದಾಯ ಭವನ, ಶುದ್ಧ ಕುಡಿಯುವ ನೀರಿನ ಘಟಕಗಳ ನಡುವೆ ಈಗಲೂ ಒಂದು ಸಾಲು ಕಾಣುತ್ತದೆ: ‘ಕೋವಿಡ್ ಸಂದರ್ಭದಲ್ಲಿ ಕ್ಷೇತ್ರದ ಶೇ 100ರಷ್ಟು ಜನರಿಗೆ ಲಸಿಕೆ.’ ಇದು 2021ರ ಕೊನೆಯ ತಿಂಗಳುಗಳಲ್ಲಿ ಫ್ಲೆಕ್ಸ್‌ಗಳಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡಿದ ಸಾಲು. ಅದರಲ್ಲಿ ಅರ್ಥವಾಗದ ಪದ ಒಂದೂ ಇಲ್ಲ. ಆದರೂ ಓದಿದವರು ತಿಳಿದುಕೊಂಡದ್ದೇ ಬೇರೆ, ಬರೆದವರ ಕೈಯಲ್ಲಿದ್ದ ಅಂಕಿ ಹೇಳುತ್ತಿದ್ದುದೇ ಬೇರೆ.

ಆ ಅಂಕಿ ಸಾಮಾನ್ಯವಾಗಿ ಹೇಳುತ್ತಿದ್ದುದು ಇಷ್ಟು: ಈ ಭಾಗದಲ್ಲಿ 18 ವರ್ಷ ದಾಟಿದವರು ಎಷ್ಟು ಮಂದಿ ಇರಬಹುದೆಂದು ಅಂದಾಜು ಮಾಡಲಾಗಿತ್ತೋ ಅಷ್ಟು ಮೊದಲ ಡೋಸ್‌ಗಳನ್ನು ಈ ಭಾಗದ ಕೇಂದ್ರಗಳಲ್ಲಿ ಕೊಡಲಾಗಿದೆ. ‘18 ದಾಟಿದವರು’, ‘ಅಂದಾಜು’, ‘ಮೊದಲ ಡೋಸ್’, ‘ಕೇಂದ್ರಗಳಲ್ಲಿ’ ಎಂಬ ನಾಲ್ಕೂ ಮಾತು ಬಿಟ್ಟುಹೋದ ಮೇಲೆ ಉಳಿಯುವುದು ‘ಎಲ್ಲರಿಗೂ ಆಯಿತು’ ಎಂಬ ನಂಬಿಕೆ ಮಾತ್ರ.

ಶೇಕಡಾ ಎಂಬುದು ಮರಾಠಿಯ ನಂಟಿನ ಪದ. ಅಲ್ಲಿ ಅದಕ್ಕೆ ನೂರು, ನೂರರ ಲೆಕ್ಕ ಎಂದೇ ಅರ್ಥ. ‘ನೂರಕ್ಕೆ ಇಷ್ಟು’ ಎಂದು ಆಡುಮಾತಿನಲ್ಲಿ ಹೇಳಿದರೆ ‘ಯಾವ ನೂರು?’ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಶೇಕಡಾ ಮೊಟಕಾಗಿ ‘ಶೇ’ ಆದ ಮೇಲೆ ಆ ಪ್ರಶ್ನೆ ಕೇಳುವ ರೂಢಿಯೇ ತಪ್ಪಿದೆ. ಶಾಲೆಯ ಲೆಕ್ಕದಲ್ಲಿ ಮೇಲಿನದು ಅಂಶ, ಕೆಳಗಿನದು ಛೇದ. ಲಸಿಕೆಯ ಲೆಕ್ಕದಲ್ಲಿ ಅಂಶವನ್ನು ಎಲ್ಲರೂ ಹೇಳಿದರು, ಛೇದವನ್ನು ಹೇಳಿದವರು ಕಡಿಮೆ. ಗೊಂದಲವೆಲ್ಲ ಇರುವುದು ಛೇದದಲ್ಲಿ.

‘ಅರ್ಹರು’ ಎಂಬ ಪದವನ್ನು ನೋಡಿ. ಅದು ಒಂದು ಕಡೆ ನಿಂತ ಗುಂಪಲ್ಲ. 2021ರ ಜನವರಿ 16ರಂದು ಲಸಿಕೆ ಶುರುವಾದಾಗ ಅರ್ಹರೆಂದರೆ ಆರೋಗ್ಯ ಕಾರ್ಯಕರ್ತರು. ಮಾರ್ಚ್ 1ರಿಂದ 60 ದಾಟಿದವರು ಮತ್ತು ಬೇರೆ ಕಾಯಿಲೆಯಿದ್ದ 45 ದಾಟಿದವರು ಸೇರಿದರು. ಏಪ್ರಿಲ್ 1ರಿಂದ 45 ದಾಟಿದವರೆಲ್ಲರೂ, ಮೇ 1ರಿಂದ 18 ದಾಟಿದವರೆಲ್ಲರೂ. 15ರಿಂದ 17ರ ಮಕ್ಕಳಿಗೆ ಬಾಗಿಲು ತೆರೆದದ್ದು 2022ರ ಜನವರಿ 3ರಂದು, 12ರಿಂದ 14ರವರಿಗೆ ಮಾರ್ಚ್ 16ರಂದು. ಅದಕ್ಕಿಂತ ಚಿಕ್ಕವರು ಈ ಅಭಿಯಾನದ ಲೆಕ್ಕಕ್ಕೆ ಬರಲೇ ಇಲ್ಲ. 2021ರ ಡಿಸೆಂಬರ್‌ನಲ್ಲಿ ‘ಅರ್ಹರಲ್ಲಿ ಶೇ 100’ ಎಂದು ಬರೆದಿದ್ದರೆ, ಜನವರಿ ಮೊದಲ ವಾರದಲ್ಲಿ ಒಬ್ಬರೂ ತಪ್ಪು ಮಾಡದೆಯೇ ಆ ಅಂಕಿ ಕೆಳಗಿಳಿಯಬೇಕಿತ್ತು. ಇಳಿಸಿ ಬರೆದ ಪ್ರಕಟಣೆ ಸಿಗುವುದು ಅಪರೂಪ.

ಈಗ ಲೆಕ್ಕ. ಬಯಲು ಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನಸಂಖ್ಯೆ ಎಂಬುದು ಮಾನದಂಡ. ಅದನ್ನೇ ಇಟ್ಟುಕೊಂಡು ಉಳಿದ ಅಂಕಿಗಳನ್ನು ಉದಾಹರಣೆಗೆಂದು ಊಹಿಸೋಣ. 18 ದಾಟಿದವರು 21,000. ಮೊದಲ ಡೋಸ್ 21,000. ಎರಡನೇ ಡೋಸ್ 13,650. ಮೊದಲ ಡೋಸ್ ಪಡೆದು ಎರಡನೆಯದು ಆಗದವರು 7,350. ಅವರಲ್ಲಿ 2,100 ಮಂದಿಗೆ ಇನ್ನೂ ಅವಧಿ ಬಂದಿಲ್ಲ, 5,250 ಮಂದಿಗೆ ಅವಧಿ ಮೀರಿದೆ. ಇದೇ ಕೇಂದ್ರದ ಬಗ್ಗೆ ‘ಶೇ 100’ ಎನ್ನಬಹುದು (ವಯಸ್ಕರು, ಮೊದಲ ಡೋಸ್). ‘ಶೇ 65’ ಎನ್ನಬಹುದು (ವಯಸ್ಕರು, ಎರಡೂ ಡೋಸ್). ‘ಶೇ 45.5’ ಎನ್ನಬಹುದು (ಒಟ್ಟು ಜನ, ಎರಡೂ ಡೋಸ್). ‘ಶೇ 72’ ಎಂದರೂ ಸರಿಯೇ (ಎರಡನೇ ಡೋಸಿಗೆ ಅವಧಿ ಬಂದ 18,900 ಮಂದಿಯಲ್ಲಿ ಪಡೆದವರು). ನಾಲ್ಕೂ ನಿಜ. ಆ ಊರಿನಲ್ಲಿ ನಾಳೆ ಮಾಡಬೇಕಾದ ಕೆಲಸವೇನೆಂದು ಹೇಳುವುದು ಮಾತ್ರ ನಾಲ್ಕನೆಯದು: 5,250 ಮಂದಿಯ ಮನೆಬಾಗಿಲು. ಫ್ಲೆಕ್ಸ್ ಮೇಲೆ ಬಂದದ್ದು ಮೊದಲನೆಯದು.

ಅವಧಿಯ ವಿಷಯವನ್ನು ಇಲ್ಲಿ ಬಿಡುವಂತಿಲ್ಲ, ಏಕೆಂದರೆ ನಡುವೆ ಅದು ಬದಲಾಯಿತು. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ಅಂತರ ಮೊದಲು 4ರಿಂದ 6 ವಾರ ಇತ್ತು. 2021ರ ಮಾರ್ಚ್‌ನಲ್ಲಿ 6ರಿಂದ 8 ವಾರ ಆಯಿತು. ಮೇ 13ರ ನಿರ್ಧಾರದಿಂದ 12ರಿಂದ 16 ವಾರಕ್ಕೆ ಹೋಯಿತು. ಕೋವ್ಯಾಕ್ಸಿನ್‌ನದು 4ರಿಂದ 6 ವಾರದಲ್ಲೇ ಉಳಿಯಿತು. ಮೊದಲ ಡೋಸ್ ಆದ ಮೇಲೆ ಸೋಂಕು ಬಂದವರು ಗುಣವಾಗಿ 3 ತಿಂಗಳು ಕಾಯಬೇಕಿತ್ತು. ಹೀಗಾಗಿ ‘ಎರಡನೇ ಡೋಸ್ ಬಾಕಿ’ ಎಂಬ ಒಂದೇ ಕಾಲಂನಲ್ಲಿ ಕಾಯುತ್ತಿರುವವರು, ಮರೆತವರು, ಜ್ವರಕ್ಕೆ ಹೆದರಿ ಬಾರದವರು ಎಲ್ಲರೂ ಬೆರೆತುಹೋಗುತ್ತಾರೆ. ಆಶಾ ಕಾರ್ಯಕರ್ತೆಯರ ಕೈಯಲ್ಲಿದ್ದ ಡ್ಯೂ ಲಿಸ್ಟ್ (ಅವಧಿ ಬಂದವರ ಪಟ್ಟಿ) ಇವರನ್ನು ಬೇರೆ ಮಾಡುತ್ತಿತ್ತು, ಪ್ರಕಟಣೆಗಳು ಮಾಡಲಿಲ್ಲ.

ಮುಂದಿನದು ‘ಕ್ಷೇತ್ರದ’ ಎಂಬ ಪದ. ಆರೋಗ್ಯ ಇಲಾಖೆಯ ಲೆಕ್ಕ ನಡೆಯುವುದು ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು, ಜಿಲ್ಲೆ ಎಂಬ ಕ್ರಮದಲ್ಲಿ. ವಿಧಾನಸಭಾ ಕ್ಷೇತ್ರದ ಗಡಿ ಬೇರೆ. ಒಂದು ಕ್ಷೇತ್ರಕ್ಕೆ ಪಕ್ಕದ ತಾಲ್ಲೂಕಿನ ಹೋಬಳಿ ಸೇರಿರಬಹುದು, ತಾಲ್ಲೂಕಿನ ಒಂದು ಹೋಬಳಿ ಬೇರೆ ಕ್ಷೇತ್ರಕ್ಕೆ ಹೋಗಿರಬಹುದು. ತಾಲ್ಲೂಕಿನ ಅಂಕಿಯನ್ನೇ ಕ್ಷೇತ್ರದ ಅಂಕಿ ಎಂದು ಹಾಕುವುದು ಸುಲಭ, ತಪ್ಪೂ ಹೌದು. ಸರಿಯಾಗಿ ಬೇಕಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಯಿಂದ ಕೇಂದ್ರವಾರು ಪಟ್ಟಿ ತರಿಸಿ, ಕ್ಷೇತ್ರದೊಳಗಿನ ಕೇಂದ್ರಗಳನ್ನಷ್ಟೇ ಕೂಡಬೇಕು. ಗಡಿಯ ಮೇಲಿರುವ ಕೇಂದ್ರವನ್ನು ಉಪಕೇಂದ್ರದ ಮಟ್ಟಕ್ಕೆ ಇಳಿದು ಒಡೆಯಬೇಕು. ಅರ್ಧ ದಿನದ ಕೆಲಸ.

ಇಷ್ಟು ಮಾಡಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಕೇಂದ್ರವಾರು ಅಂಕಿಯಲ್ಲಿ ಡೋಸ್ ದಾಖಲಾಗುವುದು ಹಾಕಿಸಿಕೊಂಡ ಜಾಗದಲ್ಲಿ, ಮನೆ ಇರುವ ಜಾಗದಲ್ಲಲ್ಲ. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ 10 ಡೋಸ್. ತೆರೆದ ಮೇಲೆ 4 ಗಂಟೆಯೊಳಗೆ ಮುಗಿಸಬೇಕೆಂಬ ಸೂಚನೆ ಇತ್ತು. ಏಳು ಜನ ಬಂದರೆ ಉಳಿದ ಮೂರು ಡೋಸ್ ಹಾಳಾಗದಂತೆ, ಎದುರಿಗೆ ಸಿಕ್ಕ ಅರ್ಹರಿಗೆ ಕೊಡುವುದೇ ಸರಿಯಾದ ಕ್ರಮ. ಅವರು ಪಕ್ಕದ ತಾಲ್ಲೂಕಿನವರಾದರೂ ಅಂಕಿ ಈ ಕೇಂದ್ರಕ್ಕೇ ಸೇರುತ್ತದೆ. ಕಾರ್ಖಾನೆ, ಎಪಿಎಂಸಿ, ಬಸ್ ನಿಲ್ದಾಣದ ಬಳಿಯ ಕೇಂದ್ರಗಳಲ್ಲಿ ಇದು ದೊಡ್ಡ ಪ್ರಮಾಣದಲ್ಲೇ ಆಗುತ್ತದೆ. ಮೇಲಿನ ಉದಾಹರಣೆಯ 21,000ದಲ್ಲಿ 1,200 ಮಂದಿ ಹೊರಗಿನವರಾಗಿದ್ದರೆ, ಸ್ಥಳೀಯ ವಯಸ್ಕರಲ್ಲಿ 1,200 ಮಂದಿಗೆ ಅಲ್ಲಿ ಒಂದೂ ಡೋಸ್ ಆಗಿಲ್ಲ. ಕೆಲವರು ಬೇರೆಡೆ ಹಾಕಿಸಿಕೊಂಡಿರಬಹುದು, ಉಳಿದವರು ಹಾಕಿಸಿಕೊಂಡೇ ಇರಲಿಕ್ಕಿಲ್ಲ. ಅಂಕಿಯಲ್ಲಿ ಅವರು ಕಾಣುವುದೇ ಇಲ್ಲ. ಹಾಸಿಗೆ ಹಿಡಿದ ವೃದ್ಧರು, ಕೇಂದ್ರದವರೆಗೆ ಬರಲಾಗದ ಅಂಗವಿಕಲರು ಈ ಗುಂಪಿನಲ್ಲೇ ಉಳಿದುಬಿಡುವ ಅಪಾಯ ಹೆಚ್ಚು. ‘ಶೇ 100’ ಎಂದು ಘೋಷಿಸಿದ ದಿನ ಅವರನ್ನು ಹುಡುಕುವ ಕೆಲಸ ನಿಲ್ಲುತ್ತದೆ. ನಿಜವಾದ ಹಾನಿ ಇದು.

ಅಂದಾಜಿನ ವಿಷಯವೂ ಹಾಗೇ. 2021ರ ಜನಗಣತಿ ನಡೆಯಲಿಲ್ಲ. ಛೇದವನ್ನೆಲ್ಲ 2011ರ ಗಣತಿಯಿಂದ ಮುಂದಕ್ಕೆ ಲೆಕ್ಕ ಹಾಕಿ ತೆಗೆದದ್ದು. ದೇಶದ ಮಟ್ಟದಲ್ಲಿ ವಯಸ್ಕರು ಸುಮಾರು 94 ಕೋಟಿ ಎಂಬುದು ಅಂಥದೇ ಅಂದಾಜು. ದೇಶಕ್ಕೆ ಇದು ಸಾಕು. ಹತ್ತು ವರ್ಷದಲ್ಲಿ ಬಡಾವಣೆಗಳು ಎದ್ದ ಊರಿಗೂ, ದುಡಿಯುವವರೆಲ್ಲ ನಗರಕ್ಕೆ ಹೋದ ಹಳ್ಳಿಗೂ ಸಾಲದು. ಮೊದಲನೆಯದರಲ್ಲಿ ಶೇ 108 ಬರಬಹುದು, ಎರಡನೆಯದರಲ್ಲಿ ಎಲ್ಲ ಮನೆ ಮುಗಿಸಿದರೂ ಶೇ 87ರ ಮೇಲೆ ಏರದಿರಬಹುದು. ಮತದಾರರ ಪಟ್ಟಿಯನ್ನು ಛೇದವಾಗಿ ಹಿಡಿದರೆ ಮನೆಮನೆ ಭೇಟಿಗೆ ಅನುಕೂಲ, ಹೆಸರು ಹಿಡಿದು ಕೇಳಬಹುದು. ಆದರೆ ಅದರಲ್ಲಿ ತೀರಿಕೊಂಡವರ, ಊರು ಬಿಟ್ಟವರ ಹೆಸರಿರುತ್ತದೆ, ಬಾಡಿಗೆಗೆ ಬಂದವರದು ಇರುವುದಿಲ್ಲ. ಯಾವುದನ್ನು ಹಿಡಿದರೂ ಆದೀತು, ಯಾವುದೆಂದು ಬರೆಯಬೇಕು.

ದಾಖಲೆಯ ದೋಷ ಒಂದನ್ನಾದರೂ ಹೇಳಬೇಕು. ಶಿಬಿರದಲ್ಲಿ ಮೊದಲ ಡೋಸ್ ಹಾಕಿಸಿಕೊಂಡಾಗ ನೆರೆಯವರ ಮೊಬೈಲ್ ಕೊಟ್ಟು, ಎರಡನೆಯದಕ್ಕೆ ಮಗನ ಮೊಬೈಲ್ ಕೊಟ್ಟವರು ಬಹಳ. ಲಸಿಕೆಗೆ ಹೆಸರು ನೋಂದಾಯಿಸುವ ಸರ್ಕಾರಿ ಜಾಲತಾಣ ಕೋವಿನ್‌ನಲ್ಲಿ ಒಂದು ನಂಬರಿಗೆ ನಾಲ್ಕೇ ಜನ ಎಂಬ ಮಿತಿ ಇತ್ತು. ಆರಕ್ಕೆ ಏರಿದ್ದು 2022ರ ಜನವರಿಯಲ್ಲಿ. ನಂಬರ್ ಬೇರೆ, ಗುರುತಿನ ಚೀಟಿಯೂ ಬೇರೆ ಆದಾಗ ಎರಡನೆಯದು ಹೊಸ ವ್ಯಕ್ತಿಯ ‘ಮೊದಲ ಡೋಸ್’ ಎಂದು ದಾಖಲಾಗುತ್ತಿತ್ತು. ಒಬ್ಬರೇ ಮನುಷ್ಯರು ಇಬ್ಬರಾಗಿ ಮೊದಲ ಡೋಸ್ ಅಂಕಿ ಉಬ್ಬಿತು, ಎರಡನೆಯದು ಸೊರಗಿತು. ಎರಡು ಮೊದಲ ಡೋಸ್ ಪ್ರಮಾಣಪತ್ರಗಳನ್ನು ಸೇರಿಸಿಕೊಳ್ಳುವ ಅವಕಾಶವನ್ನು ಕೋವಿನ್‌ನಲ್ಲೇ ಕೊಟ್ಟಿದ್ದರು; ಎಷ್ಟೋ ಜನ ಅತ್ತ ಹೋದದ್ದು ಗೇಟಿನಲ್ಲಿ ತಡೆದ ಮೇಲೆ.

ಗೇಟು ಎಂದದ್ದಕ್ಕೆ ಕಾರಣವಿದೆ. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮೈಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿ ದೃಢಪಟ್ಟವು. ಮರುದಿನವೇ ಮಾಲ್, ಚಿತ್ರಮಂದಿರಗಳ ಪ್ರವೇಶಕ್ಕೆ ಎರಡೂ ಡೋಸ್ ಕಡ್ಡಾಯ ಎಂದು ರಾಜ್ಯ ಸರ್ಕಾರ ಹೇಳಿತು. ‘ನಮ್ಮ ಊರು ಶೇ 100 ಆಗಿದೆ’ ಎಂದು ನಂಬಿ ಒಂದೇ ಡೋಸಿಗೆ ನಿಂತವರಿಗೆ ಆ ನೂರರ ಅರ್ಥ ತಿಳಿದದ್ದು ಆಗ.

ರಾಜ್ಯದ ಲಾಕ್‌ಡೌನ್ ತೆರವಿನ ಆದೇಶಗಳಲ್ಲಿದ್ದ ಶೇಕಡಾ ಇನ್ನೊಂದು ಬಗೆಯದು. 2021ರ ಜೂನ್ 21ರ ತೆರವಿನಲ್ಲಿ ಜಿಲ್ಲೆಗಳನ್ನು ವಿಂಗಡಿಸಿದ್ದು ಪಾಸಿಟಿವಿಟಿ ದರದ (ಮಾಡಿದ ಪರೀಕ್ಷೆಗಳಲ್ಲಿ ಸೋಂಕು ಕಂಡವುಗಳ ಪಾಲು) ಮೇಲೆ: ಶೇ 5ಕ್ಕಿಂತ ಕೆಳಗೆ, 5ರಿಂದ 10, 10ಕ್ಕಿಂತ ಮೇಲೆ. ಅಕ್ಟೋಬರ್ 1ರಿಂದ ಚಿತ್ರಮಂದಿರಗಳಲ್ಲಿ ಪೂರ್ತಿ ಆಸನ ತುಂಬಲು ಬಿಟ್ಟದ್ದು ದರ ಶೇ 1ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ. ಆ ದರದ ಛೇದ ಜನಸಂಖ್ಯೆ ಅಲ್ಲ, ಮಾಡಿದ ಪರೀಕ್ಷೆಗಳು. ಅದರ ಘಟಕ ಜಿಲ್ಲೆ, ಕ್ಷೇತ್ರ ಅಲ್ಲ. ‘ನಮ್ಮಲ್ಲಿ ಲಸಿಕೆ ಶೇ 100, ಆದ್ದರಿಂದ ನಿರ್ಬಂಧ ತೆಗೆಯಲಾಗಿದೆ’ ಎಂದು ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದ ಪ್ರಕಟಣೆಗಳು ಕಾರಣವನ್ನೇ ತಪ್ಪಾಗಿ ಹೇಳಿದವು.

ಡೋಸ್‌ಗಳನ್ನು ಜನರೆಂದು ಓದುವುದೂ ಇದೇ ಜಾತಿಯ ತಪ್ಪು. 2021ರ ಅಕ್ಟೋಬರ್ 21ರಂದು ದೇಶ ದಾಟಿದ 100 ಕೋಟಿ ಡೋಸ್‌ಗಳ ಸಂಖ್ಯೆಯಲ್ಲಿ ಮೊದಲ ಡೋಸ್‌ಗಳು ಸುಮಾರು 71 ಕೋಟಿ, ಎರಡನೆಯವು ಸುಮಾರು 29 ಕೋಟಿ. ಮೂರನೆಯದಾದ ಮುನ್ನೆಚ್ಚರಿಕೆ ಡೋಸ್ ಬಂದ ಮೇಲೆ ಒಟ್ಟು ಡೋಸ್‌ನಿಂದ ಜನರನ್ನು ಊಹಿಸುವುದು ಮತ್ತೂ ಕಷ್ಟ. ಅದರ ‘ಅರ್ಹರು’ ಎಂದರೆ ಎರಡನೇ ಡೋಸ್ ಆಗಿ 9 ತಿಂಗಳು ಕಳೆದವರು. 2022ರ ಜುಲೈನಲ್ಲಿ ಅದು 6 ತಿಂಗಳಾಯಿತು.

ಹಾಗಾದರೆ ಸಾಲನ್ನು ಹೇಗೆ ಬರೆಯಬೇಕಿತ್ತು? ಮೇಲಿನ ಉದಾಹರಣೆಯ ಕೇಂದ್ರಕ್ಕೆ ಹೀಗೆ: ‘ನವೆಂಬರ್ 30ರವರೆಗೆ, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ 18 ದಾಟಿದ ಅಂದಾಜು 21,000 ಮಂದಿಯಲ್ಲಿ 13,650 ಮಂದಿಗೆ ಎರಡೂ ಡೋಸ್ ಆಗಿದೆ. ಅವಧಿ ಮೀರಿದರೂ ಎರಡನೇ ಡೋಸ್ ಪಡೆಯದವರು 5,250. ಆಶಾ ಕಾರ್ಯಕರ್ತೆಯರು ಮನೆಗೇ ಬರುತ್ತಿದ್ದಾರೆ.’ ಇಷ್ಟೂ ಫ್ಲೆಕ್ಸ್‌ನಲ್ಲಿ ಹಿಡಿಯದಿದ್ದರೆ ಮೊದಲು ಬಿಡಬೇಕಾದದ್ದು ಶಾಸಕರ ಭಾವಚಿತ್ರದ ಅರ್ಧ ಜಾಗ, ಕೊನೆಗೂ ಉಳಿಸಬೇಕಾದದ್ದು 5,250 ಎಂಬ ಅಂಕಿ.