ಜಪಾನಿ ತಂತ್ರಾಂಶ ಹಾಕುವ ಮುನ್ನ ನುಡಿ ಕಡತಗಳನ್ನು ನೋಡಿಕೊಳ್ಳಿ

ಚೀನಾದಿಂದ ತರಿಸಿದ ಲೇಸರ್ ಕಟಿಂಗ್ ಯಂತ್ರದ ಜತೆ ಬಂದ ಸಿಡಿ, ಜಪಾನಿ ಕಲಿಯುವವರು ಹುಡುಕಿ ತಂದ ಹಳೆಯ ನಿಘಂಟು: ಮಂಗಳೂರು, ಉಡುಪಿಯ ಮನೆ ಕಂಪ್ಯೂಟರುಗಳಲ್ಲಿ ಇವು ಇನ್‌ಸ್ಟಾಲ್ ಆಗುತ್ತವೆ, ಆದರೆ ಮೆನು ಓದಲಿಕ್ಕೆ ಬರುವುದಿಲ್ಲ.

ಪರದೆಯಲ್ಲಿ ಏನು ಕಾಣುತ್ತದೆ ಎಂಬುದರಿಂದಲೇ ಕಾರಣ ಅರ್ಧ ಗೊತ್ತಾಗುತ್ತದೆ. ಖಾಲಿ ಚೌಕಗಳಿದ್ದರೆ ಫಾಂಟ್ ಇಲ್ಲ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಆ ಭಾಷೆಯ ಸಪ್ಲಿಮೆಂಟಲ್ ಫಾಂಟ್ಸ್ ಹಾಕಿಕೊಳ್ಳಿ. ತಲೆಬುಡವಿಲ್ಲದ ಲ್ಯಾಟಿನ್ ಅಕ್ಷರಗಳಿದ್ದರೆ ಮಾಹಿತಿ ಕೆಟ್ಟಿಲ್ಲ, ವಿಂಡೋಸ್ ಅದನ್ನು ತಪ್ಪು ಅಕ್ಷರ ಪಟ್ಟಿಯಲ್ಲಿ, ಅಂದರೆ ತಪ್ಪು ಕೋಡ್ ಪೇಜ್‌ನಲ್ಲಿ ಓದುತ್ತಿದೆ ಅಷ್ಟೆ. ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ ಬಂದರೆ ಮಾತ್ರ ಎಚ್ಚರ: ಅಕ್ಷರ ಆಗಲೇ ಕಳೆದಿರುತ್ತದೆ, ಅಂಥ ಹೊತ್ತಿನಲ್ಲಿ ಕಡತ ಸೇವ್ ಮಾಡಬೇಡಿ.

ಯೂನಿಕೋಡ್ (ಎಲ್ಲ ಭಾಷೆಗಳಿಗೂ ಸೇರಿ ಒಂದೇ ಅಕ್ಷರ ಪಟ್ಟಿ) ಬಳಸದ ತಂತ್ರಾಂಶಗಳಿಗೆಲ್ಲ ಕಂಪ್ಯೂಟರಿನಲ್ಲಿ ಒಂದೇ ಕೋಡ್ ಪೇಜ್. ನಮ್ಮಲ್ಲಿ ಸಾಮಾನ್ಯವಾಗಿ 1252. ಜಪಾನಿಗೆ 932, ಸರಳೀಕೃತ ಚೀನಿಗೆ 936, ಕೊರಿಯನ್‌ಗೆ 949 ಬೇಕು. ಡಿಸ್‌ಪ್ಲೇ ಲ್ಯಾಂಗ್ವೇಜ್ ಬದಲಿಸಿದರೆ ಇದು ಬದಲಾಗುವುದಿಲ್ಲ. ವಿಂಡೋಸ್ ಕೀ ಜತೆ ಆರ್ ಒತ್ತಿ, ಐಎನ್‌ಟಿಎಲ್ ಡಾಟ್ ಸಿಪಿಎಲ್ ಎಂದು ಟೈಪಿಸಿ. ಅಡ್ಮಿನಿಸ್ಟ್ರೇಟಿವ್ ಟ್ಯಾಬ್‌ನ ಚೇಂಜ್ ಸಿಸ್ಟಮ್ ಲೊಕೇಲ್‌ನಲ್ಲಿ ಬೇಕಾದ ಭಾಷೆ ಆರಿಸಿ ರೀಸ್ಟಾರ್ಟ್ ಮಾಡಿ. ಅಲ್ಲೇ ಕೆಳಗಿರುವ ಯುಟಿಎಫ್-8 ಬೀಟಾ ಚೌಕಕ್ಕೆ ಟಿಕ್ ಬೇಡ. ಟಿಕ್ ಹಾಕಿದರೆ 932ರ ಬದಲು ಯುಟಿಎಫ್-8ರ ಕೋಡ್ ಪೇಜ್ 65001 ಬಂದು ಕೂರುತ್ತದೆ. ಇನ್‌ಸ್ಟಾಲ್ ಇದಾದ ಮೇಲೆಯೇ. ಮೊದಲೇ ಹಾಕಿದ್ದರೆ ಕಡತಗಳ ಹೆಸರು ಕೆಟ್ಟಿರಬಹುದು, ತೆಗೆದು ಮತ್ತೆ ಹಾಕಿ.

ನಮ್ಮೂರಿನಲ್ಲಿ ಈ ದಾರಿಗೆ ದೊಡ್ಡ ತೊಡಕೊಂದಿದೆ. ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ ಮಾಡುವ ಕಂಪ್ಯೂಟರಿನಲ್ಲಿ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಆನ್ಸಿ (ಯೂನಿಕೋಡ್ ಅಲ್ಲದ) ಕಡತಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಕನ್ನಡ ಕೂತಿರುವುದು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ, 127ರ ಮೇಲಿನ ಸ್ಥಾನಗಳಲ್ಲಿಯೂ. 932ರಲ್ಲಿ ಆ ಸ್ಥಾನಗಳಲ್ಲಿ ಹಲವು, ಎರಡು ಬೈಟಿನ ಅಕ್ಷರದ ಮೊದಲರ್ಧ. ಹಾಗಾಗಿ ಅಂಥ ಪಠ್ಯವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಎರಡೆರಡು ಚಿಹ್ನೆ ಸೇರಿ ಒಂದು ಕಾಂಜಿ (ಜಪಾನಿ ಬರಹದಲ್ಲಿನ ಚೀನಿ ಮೂಲದ ಅಕ್ಷರ) ಆಗುತ್ತದೆ. ಸೇವ್ ಒತ್ತಿದರೆ ವರ್ಷಗಟ್ಟಲೆ ಕೂಡಿಟ್ಟ ಕೆಲಸ ಕೈತಪ್ಪಬಹುದು. ಇಂಥ ಕಂಪ್ಯೂಟರಿನಲ್ಲಿ ಸಿಸ್ಟಮ್ ಲೊಕೇಲ್ ಮುಟ್ಟಲೇಬೇಡಿ ಎಂಬುದು ನಮ್ಮ ಖಚಿತ ಸಲಹೆ. ಒಂದೇ ತಂತ್ರಾಂಶಕ್ಕೆ ಬೇರೆ ಲೊಕೇಲ್ ತೋರಿಸುವ ಲೊಕೇಲ್ ಎಮ್ಯುಲೇಟರ್ ಹಾಕಿಕೊಂಡು, ಆ ಒಂದು ತಂತ್ರಾಂಶವನ್ನಷ್ಟೇ ರೈಟ್ ಕ್ಲಿಕ್ ಮಾಡಿ ಜಪಾನಿ ಲೊಕೇಲ್‌ನಲ್ಲಿ ತೆರೆಯಿರಿ. ಇದು 32 ಬಿಟ್ ತಂತ್ರಾಂಶಕ್ಕೆ ಮಾತ್ರ. 64 ಬಿಟ್ ಆದರೆ ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗೇ ಬೇರೊಂದು ಕಂಪ್ಯೂಟರಿನಂತೆ ನಡೆಯುವ ತಂತ್ರಾಂಶ) ಬೇರೆ ವಿಂಡೋಸ್ ಹಾಕಿ, ಅದರ ಲೊಕೇಲ್ ಬದಲಿಸಿ.

ವಿಂಡೋಸ್ ಖಾತೆಯ ಹೆಸರನ್ನು ಕನ್ನಡದಲ್ಲಿ ಇಟ್ಟವರಿಗೆ ಇನ್ನೊಂದು ಕಾಟ. ಯೂಸರ್ಸ್ ಫೋಲ್ಡರಿನೊಳಗಿನ ಹೆಸರು ಕನ್ನಡದಲ್ಲಿದ್ದರೆ ಅದರೊಳಗಿನ ಟೆಂಪ್ ಫೋಲ್ಡರಿನ ದಾರಿ ಹಳೆಯ ಇನ್‌ಸ್ಟಾಲರ್‌ಗೆ ಸಿಗುವುದಿಲ್ಲ, ಅರ್ಧದಲ್ಲಿ ನಿಲ್ಲುತ್ತದೆ. ಖಾತೆಯ ಹೆಸರು ತಿದ್ದಿದರೆ ಫೋಲ್ಡರಿನ ಹೆಸರು ಬದಲಾಗದು. ಇಂಗ್ಲಿಷ್ ಹೆಸರಿನ ಹೊಸ ಲೋಕಲ್ ಖಾತೆ ತೆರೆದು ಅಲ್ಲಿಂದ ಹಾಕಿ.

ಹಳೆಯ ಜಪಾನಿ ಜಿಪ್ ಕಡತವನ್ನು, ಲೊಕೇಲ್ ಬದಲಿಸದ ವಿಂಡೋಸ್‌ನಲ್ಲೇ ಬಿಚ್ಚಿದರೆ ಒಳಗಿನ ಹೆಸರುಗಳು ಕೆಡುತ್ತವೆ, ತಂತ್ರಾಂಶಕ್ಕೆ ತನ್ನದೇ ಡೇಟಾ ಸಿಗುವುದಿಲ್ಲ. 7-ಜಿಪ್‌ನ ಕಮಾಂಡ್‌ನಲ್ಲಿ ಮೈನಸ್ ಎಂಸಿಪಿ=932 ಸೇರಿಸಿ ಬಿಚ್ಚಿ. ಜಪಾನಿ ಲೊಕೇಲ್‌ನಲ್ಲಿ ಫೋಲ್ಡರಿನ ದಾರಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಬದಲು ಯೆನ್ ಚಿಹ್ನೆ ಕಂಡರೆ ಗಾಬರಿ ಬೇಡ, ಕೋಡ್ ಒಂದೇ. ಟೈಪಿಸುವಾಗ ಮಾಮೂಲಿ ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಸಾಕು.