ಎಸಿಎಲ್ ನಕಲು: ಫೈಲಿನ ಜೊತೆಗೆ ಅದರ ಅನುಮತಿಗಳೂ ಹೋಗಬೇಕಾದರೆ

ಫೈಲನ್ನು ಕಾಪಿ ಮಾಡಿದರೆ ಅದರೊಳಗಿನ ಬೈಟ್‌ಗಳು ಹೊಸ ಫೈಲಿಗೆ ಬರುತ್ತವೆ. ಅದನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ವಿವರ ಆ ಬೈಟ್‌ಗಳಲ್ಲಿ ಇರುವುದಿಲ್ಲ, ಫೈಲ್ ಸಿಸ್ಟಂ ಅದನ್ನು ಬೇರೆ ಕಡೆ ಇಟ್ಟುಕೊಂಡಿರುತ್ತದೆ. ಆ ವಿವರವನ್ನು ಮೂಲ ಫೈಲಿನಿಂದ ಓದಿ ಹೊಸ ಫೈಲಿಗೆ ಹಾಕುವ ಕೆಲಸವೇ ಎಸಿಎಲ್ ನಕಲು. ಎಸಿಎಲ್ ಎಂದರೆ ಆಕ್ಸೆಸ್ ಕಂಟ್ರೋಲ್ ಲಿಸ್ಟ್, ಅಂದರೆ ಯಾರಿಗೆ ಏನು ಅನುಮತಿ ಎಂಬ ಪಟ್ಟಿ.

ಯುನಿಕ್ಸ್‌ನ ಹಳೆಯ ಪದ್ಧತಿಯಲ್ಲಿ ಮಾಲೀಕ, ಗುಂಪು, ಉಳಿದವರು ಎಂದು ಮೂರೇ ವರ್ಗ. ತಲಾ ಮೂರು ಬಿಟ್ (ಓದು, ಬರಹ, ಓಡಿಸುವುದು), ಒಟ್ಟು ಒಂಬತ್ತು. ಗುಂಪಿನಲ್ಲಿಲ್ಲದ ಒಬ್ಬರಿಗೆ ಮಾತ್ರ ಬರೆಯಲು ಬಿಡಬೇಕೆಂದರೆ ಇದರಲ್ಲಿ ದಾರಿಯಿಲ್ಲ. ಆ ಕೊರತೆ ತುಂಬಲು ಪಾಸಿಕ್ಸ್ (ಯುನಿಕ್ಸ್ ಬಗೆಯ ಸಿಸ್ಟಂಗಳಿಗೆ ಇರುವ ಮಾನದಂಡಗಳು) 1003.1ಇ ಎಂಬ ಕರಡು ತಯಾರಾಯಿತು. ಅದು ಅಧಿಕೃತ ಮಾನದಂಡವಾಗಲೇ ಇಲ್ಲ, 17ನೇ ಕರಡಿಗೇ ನಿಂತುಹೋಯಿತು. ಆದರೂ ಲಿನಕ್ಸ್, ಫ್ರೀಬಿಎಸ್‌ಡಿ ಎರಡೂ ಅದನ್ನೇ ಆಧಾರವಾಗಿ ಇಟ್ಟುಕೊಂಡವು. ಲಿನಕ್ಸ್‌ನ ಮುಖ್ಯ ಕರ್ನಲ್‌ನಲ್ಲಿ ಇದು 2003ರಲ್ಲಿ ಬಂದ 2.6 ಆವೃತ್ತಿಯಿಂದ ಇದೆ.

ಒಂಬತ್ತು ಬಿಟ್ ನಕಲು ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ಎಷ್ಟೋ ಸಲ ಅದರಿಂದ ಅಪಾಯವೇ ಹೆಚ್ಚು. ಒಂದು ಫೈಲಿನ ಪಟ್ಟಿ ಹೀಗಿದೆ ಎಂದುಕೊಳ್ಳಿ: ಮಾಲೀಕನಿಗೆ ಓದು-ಬರಹ, ರವಿ ಎಂಬ ಬಳಕೆದಾರನಿಗೆ ಓದು-ಬರಹ, ಫೈಲಿನ ಗುಂಪಿಗೆ ಏನೂ ಇಲ್ಲ, ಉಳಿದವರಿಗೂ ಏನೂ ಇಲ್ಲ. ಇಂಥ ಪಟ್ಟಿಗೆ ಮಾಸ್ಕ್ ಎಂಬ ಇನ್ನೊಂದು ನಮೂದೂ ಇರಲೇಬೇಕು. ಹೆಸರು ಹಿಡಿದು ಕೊಟ್ಟ ಅನುಮತಿಗಳಿಗೂ ಗುಂಪುಗಳ ಅನುಮತಿಗೂ ಅದೇ ಗರಿಷ್ಠ ಮಿತಿ. ಇಲ್ಲಿ ಮಾಸ್ಕ್ ಓದು-ಬರಹ. ಪಟ್ಟಿ ದೊಡ್ಡದಾದ ಮೇಲೆ ಹಳೆಯ ಒಂಬತ್ತು ಬಿಟ್‌ಗಳಲ್ಲಿ ಗುಂಪಿನ ಜಾಗದಲ್ಲಿ ಕಾಣುವುದು ಗುಂಪಿನ ನಿಜವಾದ ಅನುಮತಿಯಲ್ಲ, ಈ ಮಾಸ್ಕ್. ಹಾಗಾಗಿ ಎಲ್‌ಎಸ್ ಆಜ್ಞೆ (ಫೈಲುಗಳನ್ನು ಪಟ್ಟಿ ಮಾಡುವುದು) ಈ ಫೈಲನ್ನು rw-rw---- ಎಂದು, ಅಂಕಿಗಳಲ್ಲಿ ಹೇಳಿದರೆ 660 (ಮಾಲೀಕನಿಗೂ ಗುಂಪಿಗೂ ಓದು-ಬರಹ, ಉಳಿದವರಿಗೆ ಏನೂ ಇಲ್ಲ) ಎಂದು ತೋರಿಸಿ, ಕೊನೆಗೊಂದು ಕೂಡು ಚಿಹ್ನೆ ಹಾಕುತ್ತದೆ.

ಈಗ ಪಟ್ಟಿಯನ್ನು ಬಿಟ್ಟು ಆ 660 ಮಾತ್ರ ಹೊಸ ಫೈಲಿಗೆ ಹಾಕಿ ನೋಡಿ. ರವಿಗಿದ್ದ ಅನುಮತಿ ಹೋಯಿತು. ಏನೂ ಇಲ್ಲದಿದ್ದ ಗುಂಪಿಗೆ ಓದುವ, ಬರೆಯುವ ಹಕ್ಕು ಎರಡೂ ಸಿಕ್ಕಿತು! ಆಯ್ಕೆಗಳಿಲ್ಲದೆ ಬರೀ ಸಿಪಿ (ಕಾಪಿ ಮಾಡುವ ಆಜ್ಞೆ) ಓಡಿಸಿದಾಗಲೂ, ಯುಮಾಸ್ಕ್ (ಹೊಸ ಫೈಲಿನಿಂದ ಯಾವ ಹಕ್ಕು ಕಳೆಯಬೇಕೆಂದು ಹೇಳುವ ಸಂಖ್ಯೆ) 022 ಇದ್ದರೆ, ಹೊಸ ಫೈಲು 640 ಆಗುತ್ತದೆ. ಬರೆಯುವ ಹಕ್ಕು ತಪ್ಪಿತು, ಓದುವ ಹಕ್ಕು ಉಳಿಯಿತು. ಗುಟ್ಟಾಗಿರಬೇಕಾದ ಫೈಲಿಗೆ ಅಷ್ಟೇ ಸಾಕು.

ಪಟ್ಟಿ ಕಳೆದುಹೋದರೆ ಹಕ್ಕು ಕಡಿಮೆಯಾಗುತ್ತದೆ ಅಷ್ಟೇ ತಾನೇ ಎಂಬ ನಂಬಿಕೆಯೂ ಸರಿಯಲ್ಲ. ರವಿಗೆ ಏನೂ ಇಲ್ಲ ಎಂದು ಹೆಸರು ಹಿಡಿದು ಬರೆದ ನಮೂದೂ ಪಟ್ಟಿಯಲ್ಲಿ ಇರಬಹುದು. ಆ ಸಾಲು ಅಳಿದರೆ ಅವನು ಗುಂಪಿನ ಅಥವಾ ಉಳಿದವರ ಲೆಕ್ಕಕ್ಕೆ ಬಂದು ಒಳಗೆ ನುಗ್ಗಬಹುದು.

ಕೋಡ್‌ನಲ್ಲಿ ಈ ಕೆಲಸ ಚಿಕ್ಕದಾಗಿ ಕಾಣುತ್ತದೆ: ಎಸಿಎಲ್_ಗೆಟ್_ಫೈಲ್ ಕರೆದು ಪಟ್ಟಿ ತೆಗೆದುಕೊಳ್ಳಿ, ಎಸಿಎಲ್_ಸೆಟ್_ಫೈಲ್ ಕರೆದು ಹಾಕಿ, ಎಸಿಎಲ್_ಫ್ರೀ ಕರೆದು ಮೆಮೊರಿ ಬಿಡಿ. ಫೈಲು ಆಗಲೇ ತೆರೆದಿದ್ದರೆ ಹೆಸರಿನ ಬದಲು ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಸಿಸ್ಟಂ ಕೊಡುವ ಸಂಖ್ಯೆ) ತೆಗೆದುಕೊಳ್ಳುವ ಎಸಿಎಲ್_ಗೆಟ್_ಎಫ್‌ಡಿ, ಎಸಿಎಲ್_ಸೆಟ್_ಎಫ್‌ಡಿ ಬಳಸುವುದು ಒಳ್ಳೆಯದು. ನಡುವೆ ಯಾರಾದರೂ ಅದೇ ಹೆಸರಿನಲ್ಲಿ ಬೇರೆ ಫೈಲು ತಂದಿಟ್ಟರೂ ಮೋಸವಾಗದು. ಡೈರೆಕ್ಟರಿಗೆ ಎರಡನೇ ಪಟ್ಟಿಯೊಂದಿರಬಹುದು: ಅದರೊಳಗೆ ಮುಂದೆ ಹುಟ್ಟುವ ಫೈಲುಗಳಿಗೆ ಸಿಗುವ ಡೀಫಾಲ್ಟ್ ಎಸಿಎಲ್. ಅದನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು, ಹಲವು ಪ್ರೋಗ್ರಾಂಗಳು ಮರೆಯುವುದು ಇದನ್ನೇ. ಅಂದಹಾಗೆ, ಎಸಿಎಲ್_ಕಾಪಿ_ಎಂಟ್ರಿ, ಎಸಿಎಲ್_ಕಾಪಿ_ಎಕ್ಸ್‌ಟ್ ಎಂಬ ಫಂಕ್ಷನ್‌ಗಳು ಮೆಮೊರಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ, ಯಾವ ಫೈಲನ್ನೂ ಮುಟ್ಟುವುದಿಲ್ಲ.

ಇವುಗಳಿಗಿಂತ ಮುಖ್ಯವಾದದ್ದು ಕ್ರಮ. ಅನುಮತಿಯ ತಪಾಸಣೆ ನಡೆಯುವುದು ಫೈಲನ್ನು ತೆರೆಯುವಾಗ. ಹೊಸ ಫೈಲು ಒಂದು ಕ್ಷಣ ಸಡಿಲವಾಗಿದ್ದು, ಆಗ ಯಾರಾದರೂ ತೆರೆದುಕೊಂಡರೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ಅವರ ಕೈಲಿರುವ ಡಿಸ್ಕ್ರಿಪ್ಟರ್ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಫೈಲನ್ನು ಮೊದಲು 600 (ಮಾಲೀಕನಿಗೆ ಮಾತ್ರ ಓದು-ಬರಹ) ಎಂದೇ ಹುಟ್ಟಿಸಬೇಕು, ದತ್ತಾಂಶ ತುಂಬಬೇಕು, ಮಾಲೀಕ ಮತ್ತು ಗುಂಪನ್ನು ಬದಲಿಸಬೇಕು, ಕೊನೆಗೆ ಎಸಿಎಲ್ ಹಾಕಬೇಕು. ಪಟ್ಟಿಯನ್ನು ಮೊದಲೇ ಹಾಕಿದರೆ ಗುಂಪಿಗೆ ಉದ್ದೇಶಿಸಿದ ಅನುಮತಿ ಅಷ್ಟು ಹೊತ್ತು ಬೇರೆ ಯಾವುದೋ ಗುಂಪಿನ ಕೈಲಿರುತ್ತದೆ.

ತಲುಪುವ ಫೈಲ್ ಸಿಸ್ಟಂಗೆ ಎಸಿಎಲ್ ಗೊತ್ತೇ ಇಲ್ಲದಿದ್ದರೆ? ಇನಾಟ್‌ಸಪ್ ಎಂಬ ದೋಷ ಬರುತ್ತದೆ. ಪಟ್ಟಿಯಲ್ಲಿ ಮೂಲ ಮೂರೇ ನಮೂದುಗಳಿದ್ದರೆ ಚಿಂತೆಯಿಲ್ಲ, ಒಂಬತ್ತು ಬಿಟ್‌ಗಳನ್ನು ಬದಲಿಸುವ ಚ್‌ಮಾಡ್ ಅದನ್ನೇ ಪೂರ್ತಿಯಾಗಿ ಹೇಳಬಲ್ಲದು. ಹಾಗಿದೆಯೇ ಎಂದು ತಿಳಿಯಲು ಲಿನಕ್ಸ್‌ನಲ್ಲಿ ಎಸಿಎಲ್_ಇಕ್ವಿವ್_ಮೋಡ್ ಇದೆ. ಅದಕ್ಕಿಂತ ಹೆಚ್ಚಿದ್ದರೆ ಬಳಕೆದಾರನಿಗೆ ದೋಷ ತಿಳಿಸಲೇಬೇಕು. ಸುಮ್ಮನೆ ಮುಂದುವರಿಯುವ ಪ್ರೋಗ್ರಾಂ ಅನ್ನು ನಾನಂತೂ ನಂಬುವುದಿಲ್ಲ.

ವಿಂಡೋಸ್‌ನ ಪಟ್ಟಿ ಬೇರೆಯೇ ರೀತಿಯದು. ಅದರಲ್ಲಿ ಅನುಮತಿಸುವ ಮತ್ತು ನಿರಾಕರಿಸುವ ನಮೂದುಗಳು ಸಾಲಾಗಿರುತ್ತವೆ, ಅವುಗಳ ಕ್ರಮಕ್ಕೂ ಅರ್ಥವಿದೆ. ಎನ್‌ಎಫ್‌ಎಸ್ 4ರ (ಜಾಲದ ಮೂಲಕ ಫೈಲು ಹಂಚುವ ವ್ಯವಸ್ಥೆ) ಪಟ್ಟಿಯೂ ಇದೇ ಜಾತಿಯದು. ಇವನ್ನು ಪಾಸಿಕ್ಸ್ ಪಟ್ಟಿಯಾಗಿ ಬದಲಿಸುವಾಗ ಏನಾದರೊಂದು ಬಿಟ್ಟುಹೋಗುತ್ತದೆ. ಒಂದೇ ಬಗೆಯ ಎರಡು ಯಂತ್ರಗಳ ನಡುವೆಯೂ ತೊಂದರೆ ತಪ್ಪಿದ್ದಲ್ಲ: ಲಿನಕ್ಸ್ ಪಟ್ಟಿಯಲ್ಲಿ ಉಳಿಸುವುದು ರವಿ ಎಂಬ ಹೆಸರನ್ನಲ್ಲ, 1001ರಂಥ ಸಂಖ್ಯೆಯನ್ನು. ಇನ್ನೊಂದು ಯಂತ್ರದಲ್ಲಿ 1001 ಬೇರೆಯವರಾಗಿರಬಹುದು.

ದಿನದ ಬಳಕೆಯಲ್ಲಿ ಸಿಪಿಗೆ ಪಿ ಆಯ್ಕೆ, ಎರಡು ಕಡೆಯ ಫೈಲುಗಳನ್ನು ಸಮ ಮಾಡುವ ಆರ್‌ಸಿಂಕ್‌ಗೆ ದೊಡ್ಡಕ್ಷರದ ಎ, ಫೈಲುಗಳನ್ನು ಒಂದೇ ಕಟ್ಟಾಗಿ ಮಾಡುವ ಜಿಎನ್‌ಯು ಟಾರ್‌ಗೆ ಎಸಿಎಲ್ಸ್ ಎಂಬ ಆಯ್ಕೆ ಕೊಟ್ಟರೆ ಪಟ್ಟಿಯೂ ಜೊತೆಗೆ ಹೋಗುತ್ತದೆ. ಫೈಲನ್ನು ಬೇರೆಡೆಗೆ ಸಾಗಿಸುವ ಎಂವಿ ಆಜ್ಞೆ ಒಂದೇ ಫೈಲ್ ಸಿಸ್ಟಂನೊಳಗೆ ಹೆಸರನ್ನಷ್ಟೇ ಬದಲಿಸುವುದರಿಂದ ಪಟ್ಟಿ ಇದ್ದಲ್ಲೇ ಇರುತ್ತದೆ. ಬೇರೆ ಫೈಲ್ ಸಿಸ್ಟಂಗೆ ಹೋಗುವಾಗ ಅದೂ ಕಾಪಿ ಮಾಡಿ ಅಳಿಸುವ ಕೆಲಸವೇ, ಹಾಗಾಗಿ ಮೇಲಿನ ಎಚ್ಚರಿಕೆಗಳೆಲ್ಲ ಅಲ್ಲಿಗೂ ಬೇಕು. ಮುಗಿದ ಮೇಲೆ ಎರಡೂ ಫೈಲುಗಳ ಮೇಲೆ ಪಟ್ಟಿ ತೋರಿಸುವ ಆಜ್ಞೆಯಾದ ಗೆಟ್‌ಎಫ್‌ಎಸಿಎಲ್ ಓಡಿಸಿ ಸಾಲು ಸಾಲಾಗಿ ಹೋಲಿಸಿ ನೋಡಬಹುದು.