ನೋಟಿಸ್ ಅವಧಿ: ರಾಜೀನಾಮೆಗೂ ಕೊನೆಯ ದಿನಕ್ಕೂ ನಡುವಿನ ಕಾಲ

ರಾಜೀನಾಮೆ ಪತ್ರ ಸಂಸ್ಥೆಯ ಕೈ ಸೇರಿದ ದಿನದಿಂದ ಕೆಲಸದ ಕೊನೆಯ ದಿನದವರೆಗಿನ ಕಾಲವೇ ನೋಟಿಸ್ ಅವಧಿ. ಅಷ್ಟು ದಿನವೂ ನೀವು ಪೂರ್ಣ ನೌಕರರೇ. ಸಂಬಳ ಬರುತ್ತದೆ, ರಜೆ ಜಮೆಯಾಗುತ್ತದೆ, ಸಂಸ್ಥೆಯ ಗುಟ್ಟು ಕಾಯುವ ಹೊಣೆಯೂ ಇರುತ್ತದೆ. ಈ ಅವಧಿ ಇಬ್ಬರಿಗೂ ಬೇಕು: ಸಂಸ್ಥೆಗೆ ಬೇರೊಬ್ಬರನ್ನು ಹುಡುಕಲು, ಕೆಲಸದಿಂದ ತೆಗೆದರೆ ನೌಕರನಿಗೆ ಇನ್ನೊಂದು ನೆಲೆ ನೋಡಿಕೊಳ್ಳಲು.

ಎಷ್ಟು ದಿನ ಮೊದಲು ಹೇಳಬೇಕು ಎಂದು ಸ್ನೇಹಿತರನ್ನು ಕೇಳುವ ಮೊದಲು ನಿಮ್ಮ ನೇಮಕಾತಿ ಪತ್ರವನ್ನು ತೆಗೆದು ಓದಿ. ಎಷ್ಟೋ ಮಂದಿ ಅದನ್ನು ಸಹಿ ಹಾಕಿದ ದಿನ ಬಿಟ್ಟರೆ ಮತ್ತೆ ನೋಡಿರುವುದಿಲ್ಲ. ಪ್ರೊಬೇಷನ್‌ನಲ್ಲಿರುವವರಿಗೆ ಒಂದು ಲೆಕ್ಕ, ಕಾಯಂ ಆದವರಿಗೆ ಇನ್ನೊಂದು ಲೆಕ್ಕ ಇರುವುದು ಸಾಮಾನ್ಯ. ಬಡ್ತಿ ಸಿಕ್ಕಾಗ ಕೊಟ್ಟ ಪತ್ರದಲ್ಲಿ ಅವಧಿ ಸದ್ದಿಲ್ಲದೆ ಹೆಚ್ಚಾಗಿರಲೂಬಹುದು. ಎಣಿಸಬೇಕಾದದ್ದು ಎಲ್ಲ ದಿನಗಳನ್ನೋ ಕೆಲಸದ ದಿನಗಳನ್ನೋ ಎಂಬುದನ್ನೂ ನೋಡಿಕೊಳ್ಳಿ.

ಒಪ್ಪಂದದ ಹಿಂದೆ ಕಾನೂನು ನಿಂತಿರುತ್ತದೆ. ಅದು ದೇಶದಿಂದ ದೇಶಕ್ಕೆ ಎಷ್ಟು ಬೇರೆ ಎಂದರೆ, ಒಂದೆಡೆಯ ರೂಢಿಯನ್ನು ಇನ್ನೊಂದೆಡೆಗೆ ಒಯ್ಯಲು ಸಾಧ್ಯವೇ ಇಲ್ಲ. ಬ್ರಿಟನ್ನಿನಲ್ಲಿ ಒಂದು ತಿಂಗಳ ಸೇವೆ ಮುಗಿಸಿದ ನೌಕರ ಕನಿಷ್ಠ ಒಂದು ವಾರದ ನೋಟಿಸ್ ಕೊಡಬೇಕು. ಹತ್ತು ವರ್ಷ ದುಡಿದರೂ ಕಾನೂನಿನ ಪ್ರಕಾರ ಅಷ್ಟೇ. ಆದರೆ ಮಾಲೀಕ ಕೊಡಬೇಕಾದ ನೋಟಿಸ್ ಎರಡು ವರ್ಷಗಳ ನಂತರ ವರ್ಷಕ್ಕೊಂದು ವಾರದಂತೆ ಬೆಳೆದು 12 ವಾರ ಮುಟ್ಟುತ್ತದೆ. ಹೆಚ್ಚು ನಷ್ಟವಾಗುವುದು ಕೆಲಸ ಕಳೆದುಕೊಂಡವರಿಗೇ ಆದ್ದರಿಂದ ಈ ವ್ಯತ್ಯಾಸ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಜರ್ಮನಿಯಲ್ಲಿ ಸಾಮಾನ್ಯ ಅವಧಿ ನಾಲ್ಕು ವಾರ, ಅದು ಮುಗಿಯಬೇಕಾದದ್ದು ತಿಂಗಳ 15ಕ್ಕೆ ಅಥವಾ ತಿಂಗಳ ಕೊನೆಗೆ. ಹಾಗಾಗಿ ಪತ್ರ ಒಂದೇ ದಿನ ತಡವಾದರೂ ಕೊನೆಯ ದಿನ ಸುಮಾರು ಎರಡು ವಾರ ಮುಂದೆ ಹೋಗಬಹುದು. ಅಲ್ಲಿ ಇಮೇಲ್ ರಾಜೀನಾಮೆಗೆ ಬೆಲೆಯಿಲ್ಲ, ಸಹಿ ಹಾಕಿದ ಕಾಗದವೇ ಬೇಕು. ಸ್ವಿಟ್ಜರ್‌ಲೆಂಡಿನಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ಒಂದು ತಿಂಗಳು, ಎರಡರಿಂದ ಒಂಬತ್ತನೇ ವರ್ಷದವರೆಗೆ ಎರಡು ತಿಂಗಳು, ಆಮೇಲೆ ಮೂರು. ಅಮೆರಿಕದಲ್ಲಿ ಬಹುಪಾಲು ಕೆಲಸಗಳಿಗೆ ಕಾನೂನು ಯಾವ ಅವಧಿಯನ್ನೂ ಹೇಳುವುದಿಲ್ಲ. ಎರಡು ವಾರ ಎನ್ನುವುದು ಅಲ್ಲಿ ಬರೀ ರೂಢಿ.

ಜಪಾನಿನ ಉದಾಹರಣೆ ಯೋಚಿಸುವಂತೆ ಮಾಡುತ್ತದೆ. ಕಾಲಮಿತಿಯಿಲ್ಲದ ನೌಕರಿಗೆ ಅಲ್ಲಿನ ನಾಗರಿಕ ಸಂಹಿತೆ ಹೇಳುವುದು ಎರಡೇ ವಾರ. ಆದರೂ ಮೇಲಧಿಕಾರಿಯ ಎದುರು ನಿಂತು ಹೇಳಲಾಗದೆ, ತಮ್ಮ ಪರವಾಗಿ ರಾಜೀನಾಮೆ ತಿಳಿಸಲು ಏಜೆನ್ಸಿಗಳಿಗೆ ಹಣ ಕೊಡುವವರಿದ್ದಾರೆ. ಕಾನೂನು ಕೊಟ್ಟ ಹಕ್ಕನ್ನು ಮುಲಾಜು ಕಿತ್ತುಕೊಳ್ಳುವುದೆಂದರೆ ಇದೇ.

ಒಪ್ಪಂದದಲ್ಲಿ ಅವಧಿಯೇ ಇಲ್ಲದಿದ್ದರೆ, ಕಾನೂನಿನ ಕನಿಷ್ಠ ಮಿತಿಯನ್ನು ನೋಡಿಕೊಂಡು, ನಿಮಗೆ ಮಾತ್ರ ಗೊತ್ತಿರುವ ಕೆಲಸ ಎಷ್ಟಿದೆ ಎಂದು ಅಳೆಯಿರಿ. ಅದನ್ನು ಇನ್ನೊಬ್ಬರಿಗೆ ಕಲಿಸಿ ಒಪ್ಪಿಸಲು ಬೇಕಾದಷ್ಟು ದಿನ ಕೊಟ್ಟರೆ ಸಾಕು. ಒಳ್ಳೆಯತನಕ್ಕೆಂದು ತಿಂಗಳುಗಟ್ಟಲೆ ಮುಂಚೆ ಹೇಳುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಹೊರಡುವವರೆಂದು ಗೊತ್ತಾದ ಮೇಲೆ ಹೊಸ ಕೆಲಸ, ಬೋನಸ್, ಬಡ್ತಿ ಎಲ್ಲದರಿಂದಲೂ ನಿಮ್ಮನ್ನು ದೂರ ಇಡಬಹುದು. ಹೊಸ ಸಂಸ್ಥೆಯ ನೇಮಕಾತಿ ಪತ್ರ ಕೈಗೆ ಬರುವ ಮೊದಲಂತೂ ಬಾಯಿ ಬಿಡಲೇಬೇಡಿ. ಒಮ್ಮೆ ಕೊಟ್ಟ ರಾಜೀನಾಮೆಯನ್ನು ಹಿಂದೆ ಪಡೆಯಲು ಅನೇಕ ಕಡೆ ಸಂಸ್ಥೆಯ ಒಪ್ಪಿಗೆ ಬೇಕಾಗುತ್ತದೆ.

ಅವಧಿ ಮುಗಿಸಲು ಆಗದಿದ್ದರೆ ಬೈಔಟ್ ಎಂಬ ದಾರಿಯಿದೆ: ಉಳಿದ ದಿನಗಳ ಸಂಬಳವನ್ನು ಸಂಸ್ಥೆಗೆ ಕಟ್ಟಿ ಬೇಗ ಹೊರಡುವುದು. ಕಟ್ಟಬೇಕಾದದ್ದು ಮೂಲ ವೇತನವೋ ಪೂರ್ತಿ ಸಂಬಳವೋ ಎಂದು ಮೊದಲೇ ಕೇಳಿ, ಮೊತ್ತದಲ್ಲಿ ಬಹಳ ಅಂತರವಿರುತ್ತದೆ. ಬೈಔಟ್‌ಗೆ ಸಂಸ್ಥೆ ಒಪ್ಪಬೇಕೋ ಬೇಡವೋ ಎಂಬುದು ಒಪ್ಪಂದದ ಮಾತು. ಇದಕ್ಕೆ ತದ್ವಿರುದ್ಧವಾದದ್ದು ಗಾರ್ಡನ್ ಲೀವ್. ಸಂಬಳ ಕೊಡುತ್ತಲೇ ಕಚೇರಿಗೆ ಬರಬೇಡಿ ಎನ್ನುತ್ತಾರೆ, ಪ್ರತಿಸ್ಪರ್ಧಿ ಸಂಸ್ಥೆಗೆ ತಕ್ಷಣ ಸೇರದಂತೆ ತಡೆಯುತ್ತಾರೆ.

ಹೇಳದೆ ಕೇಳದೆ ಬಿಟ್ಟು ಹೋದರೆ ಸಂಸ್ಥೆ ನಷ್ಟ ಪರಿಹಾರ ಕೇಳಬಹುದು, ಆದರೆ ಮನಸ್ಸಿಲ್ಲದವರನ್ನು ಕಟ್ಟಿಹಾಕಿ ದುಡಿಸಿಕೊಳ್ಳುವಂತಿಲ್ಲ. ಸಂಬಳವನ್ನೇ ಕೊಡದಿದ್ದರೆ, ಕಿರುಕುಳವಿದ್ದರೆ, ಜೀವಕ್ಕೆ ಅಪಾಯವಿದ್ದರೆ ತಕ್ಷಣ ಬಿಡಲು ಹಲವು ದೇಶಗಳ ಕಾನೂನು ಅವಕಾಶ ಕೊಡುತ್ತದೆ. ಅದಕ್ಕೂ ಗಡುವು ಇರಬಹುದು. ಜರ್ಮನಿಯಲ್ಲಿ ಕಾರಣ ಗೊತ್ತಾದ ಎರಡು ವಾರದೊಳಗೆ ಹೇಳಬೇಕು.

ಪತ್ರದಲ್ಲಿ ರಾಜೀನಾಮೆಯ ದಿನಾಂಕವನ್ನೂ ನಿಮ್ಮ ಲೆಕ್ಕದ ಕೊನೆಯ ದಿನವನ್ನೂ ಎರಡು ಸಾಲಿನಲ್ಲಿ ಬರೆಯಿರಿ, ಕಾರಣ ವಿವರಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ತಲುಪಿದ್ದಕ್ಕೆ ಲಿಖಿತ ಉತ್ತರ ಪಡೆಯಿರಿ. ಆ ಉತ್ತರದಲ್ಲಿ ಕೊನೆಯ ದಿನ, ಬಾಕಿ ರಜೆ, ಅಂತಿಮ ಲೆಕ್ಕ ಚುಕ್ತಾ ಆಗುವ ದಿನಾಂಕ ಈ ಮೂರೂ ಇರಲಿ ಎಂದು ಕೇಳಿ.